ಕರಗದ ಲವಣಗಳ ಕರಗುವಿಕೆ

ನೀರಿನಲ್ಲಿ ಕರಗದವೆಂದು ಪಠ್ಯದ ಪಟ್ಟಿಗಳು ಬದಿಗಿರಿಸಿದ ಲವಣಗಳು ವಸ್ತುತಃ ಎಷ್ಟು ಕರಗಿವೆಯೆಂದು ಅಳೆಯುವ ಲೆಕ್ಕಗಳಲ್ಲಿ ಕೈ ಪಳಗಿದವರು ಬಲ್ಲರು: ಅಲ್ಲಿ ಬೀಜಗಣಿತದ ಪಾಲು ಸ್ವಲ್ಪ, ವಿವೇಚನೆಯ ಪಾಲೇ ಬಹಳ. ದ್ರಾವಣದಲ್ಲಿ ಯಾವ ಯಾವ ಅಯಾನುಗಳು ಎಷ್ಟೆಷ್ಟಿವೆಯೆಂಬುದನ್ನು ಮನಗಾಣದೆ ದ್ರಾವ್ಯತಾ ಗುಣಲಬ್ಧಕ್ಕೆ ಕೈಯಿಕ್ಕಿದವನು ಶುದ್ಧವಾಗಿ ಗುಣಿಸಿಯೂ ಅಶುದ್ಧವಾದ ಉತ್ತರಕ್ಕೆ ಬರುವನು.

ಬೆಳ್ಳಿಯ ಎರಡು ಲವಣಗಳನ್ನು ನೋಡೋಣ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸಿಲ್ವರ್ ಕ್ಲೋರೈಡಿನ ಗುಣಲಬ್ಧ 1.8 × 10⁻¹⁰. ಸಿಲ್ವರ್ ಕ್ರೋಮೇಟಿನದು ಸುಮಾರು 1.1 × 10⁻¹². ಎರಡನೆಯ ಅಂಕಿ ನೂರು ಮಡಿಗೂ ಮಿಗಿಲಾಗಿ ಕಿರಿದಾದುದರಿಂದ ಕ್ರೋಮೇಟೇ ಕಡಿಮೆ ಕರಗತಕ್ಕುದೆಂದು ಆತುರಗಾರನು ತೀರ್ಪಿತ್ತುಬಿಡುವನು. ಆದರೆ ಕ್ಲೋರೈಡು ಕರಗಿದಾಗ ಹುಟ್ಟುವ ಅಯಾನುಗಳು ಎರಡು, ಕ್ರೋಮೇಟಿನಿಂದ ಮೂರು. ಆದಕಾರಣ ಅಲ್ಲಿ ದ್ರಾವ್ಯತೆಯ ವರ್ಗವೂ, ಇಲ್ಲಿ ಅದರ ಘನದ ನಾಲ್ಮಡಿಯೂ ಗುಣಲಬ್ಧಕ್ಕೆ ಸಮವಾಗುತ್ತವೆ. ಮೊದಲನೆಯದರ ವರ್ಗಮೂಲ ಲೀಟರಿಗೆ 1.3 × 10⁻⁵ ಮೋಲ್. ಎರಡನೆಯದನ್ನು ನಾಲ್ಕರಿಂದ ಭಾಗಿಸಿ ಘನಮೂಲ ತೆಗೆದರೆ 6.5 × 10⁻⁵. ಕಿರಿಯ ಗುಣಲಬ್ಧದ ಲವಣವೇ ಐದು ಮಡಿಯಷ್ಟು ಹೆಚ್ಚು ಕರಗಿತು!

ಈ ವೈಪರೀತ್ಯದಿಂದಲೇ ಪ್ರಯೋಗಶಾಲೆಗೆ ಒಂದು ಉಪಕಾರ ಸಂದಿದೆ. ಜರ್ಮನಿಯ ಕಾರ್ಲ್ ಫ್ರೀಡ್ರಿಕ್ ಮೋರ್ 1856ರಲ್ಲಿ ರೂಪಿಸಿದ ವಿಧಾನದಂತೆ, ಉಪ್ಪುನೀರಿಗೆ ತುಸು ಪೊಟ್ಯಾಸಿಯಮ್ ಕ್ರೋಮೇಟನ್ನು ಬೆರಸಿ ಬ್ಯೂರೆಟ್ಟಿನಿಂದ ಸಿಲ್ವರ್ ನೈಟ್ರೇಟನ್ನು ಹನಿಸುತ್ತ ಹೋದರೆ, ಕ್ಲೋರೈಡೆಲ್ಲ ಬಿಳಿಯ ಪ್ರಕ್ಷೇಪವಾಗಿ ಮುಗಿಯುವತನಕ ಕ್ರೋಮೇಟಿನ ಇಟ್ಟಿಗೆಗೆಂಪು ಮೂಡದು. ಸರಿಯಾಗಿ ಸಮಾಪ್ತಿಯ ಬಿಂದುವಿನಲ್ಲೇ ಅದು ಮೂಡಲು ಕ್ರೋಮೇಟು ಎಷ್ಟಿರಬೇಕೆಂದರೆ, ಒಂದು ಗುಣಲಬ್ಧವನ್ನು ಇನ್ನೊಂದರಿಂದ ಭಾಗಿಸಿದರಾಯಿತು: ಲೀಟರಿಗೆ 0.006 ಮೋಲ್. ರಸಾಯನವಿಜ್ಞಾನಿ ನೆರ್ನ್ಸ್ಟ್ ಈ ಲೆಕ್ಕಕ್ಕೆ ಸಿದ್ಧಾಂತದ ತಳಹದಿಯನ್ನು ಹಾಕಿದುದು 1889ರಲ್ಲಿ. ಕುಶಲಿಯ ಕೈ ಮೂರು ದಶಕಗಳಷ್ಟು ಮುಂದಿತ್ತು.

ಇನ್ನು, ಲೀಟರಿಗೆ 0.1 ಮೋಲ್ ಅಡುಗೆಯುಪ್ಪು ಇರುವ ನೀರಿನಲ್ಲಿ ಸಿಲ್ವರ್ ಕ್ಲೋರೈಡು ಎಷ್ಟು ಕರಗುವುದು? ಲವಣ ತಾನೇ ಕೊಡುವ ಕ್ಲೋರೈಡನ್ನು ಅತ್ಯಲ್ಪವೆಂದು ಬಿಟ್ಟರೆ ಉತ್ತರ 1.8 × 10⁻⁹ ಮೋಲ್; ಆ ಉಪೇಕ್ಷೆ ನಿರ್ದೋಷವಾದುದೇ. ಆದರೆ ಹೇರಳವಾದ ಕ್ಲೋರೈಡಿನ ನಡುವೆ ಬೆಳ್ಳಿಯ ಅಯಾನು ಎರಡು ಕ್ಲೋರೈಡುಗಳನ್ನು ಕೂಡಿಕೊಂಡು ಸಂಕೀರ್ಣ ಅಯಾನಾಗಿ ದ್ರಾವಣದಲ್ಲಿ ಉಳಿಯುವುದರಿಂದ, ನಿಜವಾಗಿ ಕರಗಿದ ಬೆಳ್ಳಿ ಸಾವಿರ ಮಡಿಯ ಮಟ್ಟಿಗೆ ಅಧಿಕ. ಸೂತ್ರವು ತಪ್ಪಲಿಲ್ಲ; ಒಂಟಿ ಅಯಾನಿನ ಮಟ್ಟಿಗೆ ಅದರ ಮಾತು ಸತ್ಯವೇ. ಮೂರನೆಯ ಪಾತ್ರಧಾರಿಯನ್ನು ಎಣಿಸದೆ ಬಿಟ್ಟವರು ನಾವು. ಬಿಡಬಹುದಾದುದನ್ನು ಬಿಡುವ ಧೈರ್ಯವನ್ನೂ ಬಿಡಬಾರದುದನ್ನು ಗುರುತಿಸುವ ಕಣ್ಣನ್ನೂ ಒಂದೇ ಪ್ರಶ್ನೆಯಲ್ಲಿ ಬೇಡುವ ಇಂಥ ಲೆಕ್ಕವನ್ನು ನಿಧಾನವಾಗಿ ಮಾಡಬೇಕು.