ಕ್ಯಾಮೆರಾ ಓರೆಯಾದಾಗ

ಕಡಲ ತೀರದವರಾದ ನಮಗೆ ಮಟ್ಟ ಯಾವುದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಬಾಡದ ದಂಡೆಯಲ್ಲಿ ನಿಂತರೆ ನೀರು ಮುಗಿದು ಆಕಾಶ ತೊಡಗುವಲ್ಲಿ ಒಂದು ನೇರ ಗೆರೆ ಕಾಣುತ್ತದೆ. ಸಿನಿಮಾದಲ್ಲಿ ಆ ಗೆರೆ ವಾಲಿದರೆ, ವಾಲಿದ್ದು ಕಡಲಲ್ಲ, ಕ್ಯಾಮೆರಾ ಎಂದು ಮಕ್ಕಳಿಗೂ ತಿಳಿಯುತ್ತದೆ. ಏಕೆ ವಾಲಿಸಿದರು ಎಂಬುದೇ ಪ್ರಶ್ನೆ.

ಈ ತಂತ್ರದ ಹೆಸರಾಂತ ಬಳಕೆ ಕ್ಯಾರಲ್ ರೀಡ್ ಅವರ 'ದಿ ಥರ್ಡ್ ಮ್ಯಾನ್' (1949) ಚಿತ್ರದಲ್ಲಿದೆ. ಎರಡನೇ ಮಹಾಯುದ್ಧದ ನಂತರ ನಾಲ್ಕು ರಾಷ್ಟ್ರಗಳು ಹಂಚಿಕೊಂಡ ವಿಯೆನ್ನಾ ನಗರ. ಗೆಳೆಯನನ್ನು ಅರಸಿ ಬಂದ ಅಮೆರಿಕದ ಲೇಖಕನಿಗೆ ಅಲ್ಲಿನ ಭಾಷೆ ಬಾರದು, ಯಾರನ್ನು ನಂಬಬೇಕೆಂದೂ ತಿಳಿಯದು. ಆ ಗೆಳೆಯನೋ ಕಲಬೆರಕೆ ಪೆನ್ಸಿಲಿನ್ ಮಾರಿದವನು. ಛಾಯಾಗ್ರಾಹಕ ರಾಬರ್ಟ್ ಕ್ರಾಸ್ಕರ್ ಬೀದಿ, ಮೆಟ್ಟಿಲು, ಮುಖಗಳನ್ನು ಓರೆಯಾಗಿ ತೋರಿಸಿದಾಗ ಲೇಖಕನ ದಿಗಿಲು ನಮ್ಮದೂ ಆಗುತ್ತದೆ. ಇದು ಅತಿಯಾಯಿತೆಂದು ನಿರ್ದೇಶಕ ವಿಲಿಯಂ ವೈಲರ್ ಅವರು ರೀಡ್ ಅವರಿಗೆ ರಸಮಟ್ಟವೊಂದನ್ನು ಕಳಿಸಿ ತಮಾಷೆ ಮಾಡಿದರೆಂಬ ಮಾತಿದೆ. ಆದರೆ ಕೊನೆಯ ದೃಶ್ಯ ನೋಡಿ. ಸ್ಮಶಾನದ ದಾರಿಯಲ್ಲಿ ದೂರದಿಂದ ನಡೆದು ಬರುವ ನಾಯಕಿ, ಕಾದು ನಿಂತವನನ್ನು ಕಣ್ಣೆತ್ತಿಯೂ ನೋಡದೆ ದಾಟಿ ಹೋಗುತ್ತಾಳೆ. ಅಲ್ಲಿ ಕ್ಯಾಮೆರಾ ನೆಟ್ಟಗೆ ನಿಂತಿದೆ. ಗೊಂದಲ ಮುಗಿದು ನಿಜ ಉಳಿದಿದೆ.

'ಬ್ಯಾಟಲ್‌ಫೀಲ್ಡ್ ಅರ್ಥ್' (2000) ಚಿತ್ರದಲ್ಲಿ ಹೆಚ್ಚುಕಡಿಮೆ ಎಲ್ಲ ದೃಶ್ಯಗಳೂ ಓರೆ. ನೆಟ್ಟಗಿನದೇ ಇಲ್ಲದ ಮೇಲೆ ಓರೆಗೆ ಅರ್ಥವೆಲ್ಲಿ? ನೋಡುವವರಿಗೆ ಕತ್ತು ನೋವಷ್ಟೇ ಲಾಭ.

ಇದನ್ನು ನಕ್ಕು ಬಿಡಬಹುದು. ನಗಲಾಗದ ಇನ್ನೊಂದು ಬಗೆಯಿದೆ. ಭಯೋತ್ಪಾದನೆಯ ಕತೆ ಹೇಳುವ ಸಿನಿಮಾಗಳಲ್ಲಿ, ಟಿವಿಯ ಅಪರಾಧ ಕಾರ್ಯಕ್ರಮಗಳಲ್ಲಿ ಎಷ್ಟೋ ಸಲ ಮೊಹಲ್ಲಾ ಬಂದೊಡನೆ ಓಣಿ ವಾಲುತ್ತದೆ, ಟೋಪಿ ಹಾಕಿದ ಮುಖ ವಾಲುತ್ತದೆ. ಅಲ್ಲಿ ಇನ್ನೂ ಏನೂ ನಡೆದಿರುವುದಿಲ್ಲ. ಭಟ್ಕಳ ಎಂದೊಡನೆ ಹುಬ್ಬೇರಿಸುವವರನ್ನು ಕಂಡ ನಮಗೆ ಇದು ಬರಿಯ ತಂತ್ರದ ಮಾತಲ್ಲ. ಆರೋಪ ಬಾಯಿಮಾತಿನಲ್ಲಿದ್ದರೆ ಉತ್ತರ ಕೊಡಬಹುದು. ಅದು ಕ್ಯಾಮೆರಾದ ಕೋನದಲ್ಲಿದ್ದರೆ ಯಾರಿಗೆ ಉತ್ತರಿಸುವುದು?

ಗಿರೀಶ್ ಕಾಸರವಳ್ಳಿಯವರು ವೈದೇಹಿಯವರ ಕತೆ ಆಧರಿಸಿ ಮಾಡಿದ 'ಗುಲಾಬಿ ಟಾಕೀಸ್' (2008) ನಮ್ಮದೇ ಕರಾವಳಿಯ ಚಿತ್ರ. ಕಾರ್ಗಿಲ್ ಯುದ್ಧದ ದಿನಗಳು. ಸೂಲಗಿತ್ತಿ ಗುಲಾಬಿಯ ಮನೆಗೆ ಟಿವಿ ಬರುತ್ತದೆ, ನೆರೆಯ ಹೆಂಗಸರು ಬಂದು ಸೇರುತ್ತಾರೆ. ನೇತ್ರು ಕಾಣೆಯಾದಾಗ ಊರು ಗುಲಾಬಿಯತ್ತಲೇ ಬೆರಳು ತೋರುತ್ತದೆ. ಊರಿನ ನೋಟ ಓರೆಯಾದದ್ದನ್ನು ಕಾಸರವಳ್ಳಿ ಜನರ ಮಾತಿನಲ್ಲಿ, ಮೌನದಲ್ಲಿ, ಉಮಾಶ್ರೀಯವರ ಮುಖದಲ್ಲಿ ತೋರಿಸುತ್ತಾರೆ. ಅದಕ್ಕಾಗಿ ಓರೆ ಕೋನವನ್ನು ನೆಚ್ಚಿಕೊಂಡಿಲ್ಲ.

ಹಾಗೆಂದು ಓರೆ ಕೋನವೇ ಕೆಟ್ಟದ್ದಲ್ಲ. ಓರೆ ಯಾರದು, ದಿಕ್ಕುಗೆಟ್ಟ ಪಾತ್ರದ್ದೋ, ಮೊದಲೇ ತೀರ್ಪು ಬರೆದಿಟ್ಟುಕೊಂಡವರದ್ದೋ ಎಂದು ಪ್ರೇಕ್ಷಕರು ಕೇಳಿಕೊಳ್ಳಬೇಕು. ಮನೆಯಲ್ಲಿ ಟಿವಿ ನೋಡುವ ಮಕ್ಕಳಿಗೂ ಈ ಪ್ರಶ್ನೆಯನ್ನು ಕಲಿಸಬೇಕು.