ಖಾಲಿ ಮನೆಗಳ ಆಟ

ಹುಲಿ-ಕುರಿ ಆಟದ ಮಾತು ಬಂದರೆ ಸಾಕು, ಒಗ್ಗಟ್ಟಿನಲ್ಲಿ ಬಲವಿದೆ ಎಂಬ ನೀತಿ ಬೆನ್ನಿಗೇ ಬರುತ್ತದೆ. ಬಡಪಾಯಿ ಕುರಿಗಳು ಒಂದಾಗಿ ಹುಲಿಗಳನ್ನು ಕಟ್ಟಿಹಾಕಿದವು, ಅಷ್ಟೇ. ದೇವಸ್ಥಾನದ ಕಲ್ಲುಹಾಸಿನಲ್ಲಿ ಕೊರೆದುಕೊಂಡು ತಲೆಮಾರುಗಳು ಆಡಿದ ಆಟವನ್ನು ಇಷ್ಟು ಸಣ್ಣದು ಮಾಡುವುದು ನನಗೆ ಒಪ್ಪಿಗೆಯಿಲ್ಲ. ಮಕ್ಕಳಿಗೆ ನೀತಿ ಹೇಳಲು ಅದು ಒದಗುತ್ತದೆ, ನಿಜ. ಆಟದ ಬುದ್ಧಿ ಇರುವುದು ಬೇರೆ ಕಡೆ.

ಕಕ್ಕಡ ತಿಂಗಳ ಮಳೆಯಲ್ಲಿ ಕೊಡಗಿನ ಬಿಟ್ಟಂಗಾಲದ ಮನೆಯೊಂದರ ಜಗಲಿ ಮೇಲೆ ಅಲ್ಲಿನ ಅಜ್ಜಿಯೊಡನೆ ಆಡಿದೆ. ಸೀಮೆಸುಣ್ಣದ ಗೆರೆ, ಕುರಿಗೆ 15 ಕಾಫಿ ಬೀಜ, ಹುಲಿಗೆ 3 ಬೆಣಚುಕಲ್ಲು. ಗೆರೆ ಕೂಡುವ ಮನೆಗಳು 23, ಕಾಯಿಗಳು 18. ಹುಲಿ ಪಕ್ಕದ ಕುರಿಯನ್ನು ಹಾರಿ ಆಚೆಯ ಖಾಲಿ ಮನೆಗೆ ಬಿದ್ದರೆ ಆ ಕುರಿ ಸತ್ತಂತೆ, ಹುಲಿಗಳಿಗೆ ಕದಲಲು ದಾರಿಯಿಲ್ಲದಾದರೆ ಕುರಿ ಗೆದ್ದಂತೆ. ಕುರಿಗಳನ್ನೆಲ್ಲ ಇಟ್ಟಾದ ಮೇಲೆ ಖಾಲಿ ಉಳಿಯುವುದು 5 ಮನೆ. ಒಂದು ಕುರಿ ಸತ್ತರೆ ಅದು 6 ಆಗುತ್ತದೆ. ಕಾಯಿ ಹೋದದ್ದಕ್ಕಿಂತ ಹುಲಿಗೆ ಇನ್ನೊಂದು ಕಿಂಡಿ ತೆರೆದದ್ದೇ ದೊಡ್ಡ ನಷ್ಟ.

ಈ ಲೆಕ್ಕದ ಮುಂದೆ, ಒಂದು ಕುರಿ ಬಲಿ ಕೊಟ್ಟು ಹುಲಿಯನ್ನು ಮೂಲೆಗೆಳೆಯುವ ಹೆಸರಾಂತ ಉಪಾಯ ನಿಲ್ಲುವುದಿಲ್ಲ. ಹುಲಿ ಕುರಿಯನ್ನು ಹಾರಿ ಮೂಲೆಗೆ ಬಿತ್ತು ಎನ್ನಿ. ಸತ್ತ ಕುರಿಯ ಮನೆ ಖಾಲಿ, ಹುಲಿ ಬಿಟ್ಟುಬಂದ ಮನೆಯೂ ಖಾಲಿ. ಮುಚ್ಚಲು ಎರಡು ಕುರಿ ಬೇಕು, ಕೈಯಲ್ಲಿರುವುದು ಒಂದು ಸರದಿ. ಪಕ್ಕದ ಮನೆ ಮುಚ್ಚಿದರೆ ಆ ಕುರಿಯ ಬೆನ್ನು ಬಯಲು. ಹುಲಿ ಅದನ್ನೂ ಹೊಡೆದು ಬಂದ ದಾರಿಯಲ್ಲೇ ಹೋಗುತ್ತದೆ. ಆಚೆ ಮನೆ ಮುಚ್ಚಿದರೆ ಪಕ್ಕಕ್ಕೆ ಸರಿದು ಹೊರಬರುತ್ತದೆ. ಹುಲಿಯಾಡುವವನು ಮೈಮರೆತರಷ್ಟೇ ಈ ಬಲಿ ಫಲಿಸುವುದು. ಅಜ್ಜಿ ಒಂದು ಬೀಜವನ್ನೂ ಬಲಿ ಕೊಡಲಿಲ್ಲ. ಹುಲಿ ಇನ್ನೂ ದೂರವಿರುವಾಗಲೇ ಮೂಲೆಯಿಂದ ಎರಡನೇ ಮನೆಗಳನ್ನು ತುಂಬಿಟ್ಟರು. ಮೇಲಿನ ತುದಿಯ ಹುಲಿಗೆ ನಾಲ್ಕು ದಾರಿ, ಅದನ್ನು ಕಟ್ಟಲು ಎಂಟು ಕಾಯಿ ಬೇಕು. ಕೆಳಮೂಲೆಯಲ್ಲಿ ಎರಡೇ ದಾರಿ, ನಾಲ್ಕು ಸಾಕು. ಹದಿನೈದೂ ಮುಗಿಯುವ ತನಕ ಇಟ್ಟ ಕುರಿಯನ್ನು ಕದಲಿಸುವಂತಿಲ್ಲ, ಸರದಿ ಬಂದರೆ ಹುಲಿ ಕದಲಲೇಬೇಕು. ಆಟದ ಜೀವವೆಲ್ಲ ಈ ಎರಡು ನಿಯಮಗಳ ನಡುವೆ ಇದೆ.

ಕುರಿ ದುರ್ಬಲ ಎಂಬ ಮಾತೂ ಸಲ್ಲದು. ನೇಪಾಳದ ಇದೇ ಬಗೆಯ ಆಟ ಬಾಘ್‌ಚಾಲ್‌ನಲ್ಲಿ 4 ಹುಲಿ, 20 ಕುರಿ. ಎರಡೂ ಕಡೆ ತಪ್ಪಿಲ್ಲದೆ ಆಡಿದರೆ ಅದು ಡ್ರಾ ಎಂದು ಕಂಪ್ಯೂಟರ್ ಲೆಕ್ಕವೇ ತೋರಿಸಿದೆ.

ಹುಲಿ-ಕುರಿ ಆಟವನ್ನು ಕೊಡಗಿನ ಯುದ್ಧಗಳಿಗೆ ಹೋಲಿಸಿ, ಮೈಸೂರಿನ ಟಿಪ್ಪುವಿನ ದಂಡು ಹುಲಿ, ಕೊಡಗಿನವರು ಕುರಿ ಎನ್ನುವವರಿದ್ದಾರೆ. ಹೋಲಿಕೆ ತಲೆಕೆಳಗು. ಮಡಿಕೇರಿಯಂಥ ಕಡೆ ಕೋಟೆಯಲ್ಲಿ ದಂಡು ಕೂರಿಸಿ ನಾಡನ್ನು ಮುಚ್ಚಹೊರಟದ್ದು ಕುರಿಯ ನಡೆ. 1788ರಲ್ಲಿ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ, ಬೆನ್ನಿಗೆ ಆಸರೆಯಿಲ್ಲದ ಠಾಣೆಗಳ ಮೇಲೆ ಬಿದ್ದದ್ದು ಹುಲಿಯ ನಡೆ. ಆಟದಲ್ಲಿ ಎಣಿಕೆಗೆ ಕಡಿಮೆ ಇರುವವು ಹುಲಿಗಳೇ ಅಲ್ಲವೇ? ಕೊಡವ ಮಾತಿನಲ್ಲಿ ಹುಲಿಯನ್ನು ನರಿ ಎಂದು ಕರೆದು, ಹುಲಿ ಹೊಡೆದವನಿಗೆ ಮದುಮಗನ ಮರ್ಯಾದೆ ಕೊಟ್ಟು ನರಿ ಮಂಗಲ ಮಾಡಿದ ನಾಡಿದು. ಇಲ್ಲಿ ಕೂತು ಹುಲಿಯನ್ನು ಬರೀ ಖಳನೆಂದು ಓದಲು ನನಗೆ ಮನಸ್ಸು ಬಾರದು.

ನಾಲ್ಕನೇ ಆಟದಲ್ಲಿ ಅಜ್ಜಿ ಕೊನೆಯ ಬೀಜ ಸರಿಸಿ ಸೆರಗಿನಿಂದ ಬೆರಳಿನ ಸುಣ್ಣ ಒರೆಸಿಕೊಂಡರು. ಐದು ಮನೆ ಖಾಲಿ ಇದ್ದವು. ಒಂದಕ್ಕೂ ನನ್ನ ಹುಲಿಗಳಿಗೆ ದಾರಿಯಿರಲಿಲ್ಲ.