ನೀರು ‘ಊ2ಔ’ ಆದ ಕಥೆ

ನಮ್ಮ ಭಾವ ನಂಜನಗೂಡು ತಾಲ್ಲೂಕಿನ ಒಂದು ಹೈಸ್ಕೂಲಲ್ಲಿ ವಿಜ್ಞಾನದ ಮೇಷ್ಟ್ರು. ಹೋದ ವರ್ಷ ಹತ್ತನೇ ಕ್ಲಾಸಿನ ಕಿರುಪರೀಕ್ಷೆಯ ಪ್ರಶ್ನೆಗಳನ್ನ ವಾಟ್ಸಾಪಿಗೆ ಕಾಪಿ ಮಾಡಿ ಕಳಿಸಿದರು. “ಪ್ರಿಂಟಿನೋರು ಹಳೇ ನುಡಿ ಫಾಂಟೇ ಬೇಕು ಅಂತಾರೆ, ಸ್ವಲ್ಪ ಮಾಡ್ಕೊಡಪ್ಪ, ಬಿಇ ಓದಿದೋನು ನೀನು.” ಕುವೆಂಪುನಗರದ ಮನೇಲಿ ಕೂತು ಕನ್ವರ್ಟರಿಗೆ ಹಾಕಿದೆ, ಕಂಟ್ರೋಲ್ ಎ ಒತ್ತಿ ಇಡೀ ಪುಟಕ್ಕೆ ನುಡಿ ಕೊಟ್ಟೆ. ನೀರಿನ ಸೂತ್ರ ಇದ್ದ ಕಡೆ ‘ಊ2ಔ’ ಅಂತ ಬಂತು. ಕಾರ್ಬನ್ ಡೈಆಕ್ಸೈಡ್ ‘ಅಔ2’ ಆಗಿತ್ತು.

ನಕ್ಕುಬಿಟ್ಟೆ. ಆದರೆ ಇದು ವೈರಸ್ ಅಲ್ಲ, ಆ ಫಾಂಟಿನ ಸ್ವಭಾವ. ಹಳೇ ನುಡಿ ಫಾಂಟುಗಳಿಗೆ ಸಿಕ್ಕಿದ್ದು 256 ಖಾನೆ ಮಾತ್ರ. ಅಷ್ಟರಲ್ಲೇ ಕನ್ನಡ ತುಂಬಬೇಕಿತ್ತು, ಅದಕ್ಕೆ ಇಂಗ್ಲಿಷ್ ಅಕ್ಷರಗಳನ್ನ ಒಕ್ಕಲೆಬ್ಬಿಸಿದರು. ಎಚ್ ಮನೆಗೆ ಊ ಬಂತು, ಓ ಮನೆಗೆ ಔ, ಸಿ ಮನೆಗೆ ಅ. ಚದರ ಮೀಟರಿನ ತಲೆ ಮೇಲೆ ಕೂರುವ ಪುಟ್ಟ 2 ಇದೆಯಲ್ಲ, ಅದರ ಖಾನೆಯಲ್ಲಿ ‘ಶಿ’ ಕೂತಿದೆ! ಆ ಕಾಲಕ್ಕೆ ಅದು ಜಾಣ ಉಪಾಯವೇ. ಯೂನಿಕೋಡ್ ಬಂದು ಇಷ್ಟು ವರ್ಷ ಆದಮೇಲೂ ಅದನ್ನೇ ಹಿಡಿದುಕೊಂಡಿರೋದು ಮಾತ್ರ ಜಾಣತನ ಅಲ್ಲ.

ಹಾಗಂತ ವರ್ಡನ್ನ ಸುಮ್ಮನೆ ಬಿಡೋಕಾಗಲ್ಲ. ಕಂಟ್ರೋಲ್ ಜೊತೆ ಸಮ ಚಿಹ್ನೆ ಒತ್ತಿದರೆ ಅಂಕಿ ಕೆಳಗಿಳಿಯುತ್ತೆ, ಶಿಫ್ಟನ್ನೂ ಸೇರಿಸಿದರೆ ಮೇಲೇರುತ್ತೆ. ಚೆನ್ನಾಗೇನೋ ಇದೆ. ಆದರೆ ಒಳಗೆ ಇರೋದು ಮಾಮೂಲಿ 2, ಮೇಲೆ ಬರೀ ವೇಷ. ವಾಟ್ಸಾಪಿಗೆ ಹಾಕಿದ ತಕ್ಷಣ ವೇಷ ಕಳಚುತ್ತೆ. ಯೂನಿಕೋಡಿನಲ್ಲಿ ಪುಟ್ಟ ₂ ಅನ್ನೋ ಬೇರೆ ಅಕ್ಷರವೇ ಇದೆ. ವರ್ಡಲ್ಲಿ 2082 ಅಂತ ಹೊಡೆದು ಆಲ್ಟ್ ಜೊತೆ ಎಕ್ಸ್ ಒತ್ತಿದರೆ ಬರುತ್ತೆ, ಎಲ್ಲಿಗೆ ಕಳಿಸಿದರೂ ಉಳಿಯುತ್ತೆ. ಇದನ್ನ ಹಳ್ಳಿ ಮೇಷ್ಟ್ರಿಗೆ ಯಾರು ಹೇಳಿಕೊಟ್ಟಿದ್ದಾರೆ? ಆಟೋಕರೆಕ್ಟಿನಲ್ಲಿ ಇಪ್ಪತ್ತು ಸೂತ್ರ ಹಾಕಿಕೊಟ್ಟರೆ ಅವರ ಅರ್ಧ ಕಷ್ಟ ತೀರುತ್ತೆ. ಅರ್ಧ ಗಂಟೆ ಕೆಲಸ. ನಾನೇ ಮಾಡಿಕೊಟ್ಟಿರಲಿಲ್ಲ.

ಮೊಳೆ ಜೋಡಿಸುವ ಕಾಲದಲ್ಲಿ ಇದು ಇನ್ನೂ ಕಷ್ಟ ಇತ್ತು. ಆದರೂ 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪನವರು ‘ವಿಜ್ಞಾನ’ ಅನ್ನೋ ಕನ್ನಡ ಪತ್ರಿಕೆ ತಂದರು. ನಮ್ಮ ಮೈಸೂರಿನ ರಸಾಯನಶಾಸ್ತ್ರದ ಮೇಷ್ಟ್ರು ಜೆ.ಆರ್. ಲಕ್ಷ್ಮಣರಾವ್ ‘ಪರಮಾಣು ಚರಿತ್ರೆ’ ಬರೆದರು. ಆಗ ಪುಟ್ಟ ಅಂಕಿಯನ್ನ ಒಬ್ಬ ಮನುಷ್ಯ ಕೈಯಾರೆ ಎತ್ತಿ ಅದರ ಜಾಗಕ್ಕೆ ಇಡುತ್ತಿದ್ದ. ಇಟ್ಟಮೇಲೆ ಅದು ತಾನಾಗಿ ಜಾಗ ಬಿಡುತ್ತಿರಲಿಲ್ಲ.

ಭಾವನ ಪತ್ರಿಕೆ ವಿಷಯಕ್ಕೆ ಬರೋಣ. ‘ಊ2ಔ’ ಕಣ್ಣಿಗೆ ಹೊಡೆಯಿತು, ಸರಿಮಾಡಿದೆ. ಕಣ್ಣಿಗೆ ಬೀಳದ್ದು ಇನ್ನೊಂದಿತ್ತು. ಶುದ್ಧ ನೀರಿನಲ್ಲಿ ಹೈಡ್ರೋಜನ್ ಅಯಾನುಗಳು ಲೀಟರಿಗೆ 10⁻⁷ ಮೋಲ್ ಇದ್ದರೆ ಪಿಎಚ್ ಎಷ್ಟು, ಎರಡು ಅಂಕ. ವಾಟ್ಸಾಪಿನ ದಾರಿಯಲ್ಲಿ ಘಾತ ಚಪ್ಪಟೆಯಾಗಿ ‘10-7’ ಅಂತ ಅಚ್ಚಾಯಿತು. ಒಬ್ಬಳು ಹುಡುಗಿ ಶ್ರದ್ಧೆಯಿಂದ ಕಳೆದು, ಉತ್ತರ 3, ಆದ್ದರಿಂದ ನೀರು ಆಮ್ಲೀಯ ಅಂತ ಬರೆದಿದ್ದಳು.

“ಕಳೆಯೋ ಲೆಕ್ಕ ಸರಿಯಾಗೇ ಮಾಡಿದ್ದಾಳೆ ಕಣಯ್ಯಾ” ಅಂದರು ಭಾವ ಫೋನಲ್ಲಿ. ಅವಳಿಗೆ ಎರಡೂ ಅಂಕ ಕೊಟ್ಟರಂತೆ. ಈ ಸಲದ ಪತ್ರಿಕೆ ನನಗೆ ಬರಲೇ ಇಲ್ಲ. ಕೈಯಲ್ಲೇ ಬರೆದು ಜೆರಾಕ್ಸ್ ಮಾಡಿಸಿದ್ದಾರೆ.